ಪೈಲಟ್ ಟ್ರೇನಿಂಗ್‌ಗೆ ಸ್ಟೂಡೆಂಟ್ ವೀಸಾ ಮಾಡ್ಸಿಕೊಡೋ ಕಲಬುರಗಿ ಆಫೀಸ್: ನನ್ನ ಕಡಿಂದ ನಾಕು ಸ್ಟಾರ್

ಐದರಾಗ ನಾಕು ಕೊಡ್ಲಕತ್ತೀನಿ. ಒಂದು ಯಾಕ ಕಡಿಮಿ ಅಂತ ಆಮ್ಯಾಲ ಹೇಳ್ತೀನಿ, ಮೊದ್ಲು ನಾಕು ಯಾಕ ಕೊಟ್ಟೀನಿ ಅದು ಕೇಳ್ರಿ. ಈ ಆಫೀಸ್‌ನವರು ನಮ್ಮ ಕಡಿಂದ ಒಂದು ರೂಪಾಯಿ ತೊಗೊಳ್ಳಕಿಂತ ಮೊದ್ಲೇ "ವೀಸಾ ಮಾತು ಆಮ್ಯಾಲ ಮಾಡೂಣ್ರಿ, ಮೊದ್ಲು ಹುಡುಗಿಗ ಕ್ಲಾಸ್ ಒನ್ ಮೆಡಿಕಲ್ ಮಾಡ್ಸಿಕೊಂಡು ಬರ್ರಿ" ಅಂತ ವಾಪಸ್ ಕಳ್ಸಿದ್ರು. ಗಿರಾಕಿ ಬಾಗಿಲಿಗ ಬಂದಾಗ ಹಿಂಗ ವಾಪಸ್ ಕಳ್ಸೋ ಕನ್ಸಲ್ಟೆನ್ಸಿ ನಾ ಬ್ಯಾರೆ ಎಲ್ಲೂ ನೋಡಿಲ್ಲ.

ಸ್ಟೂಡೆಂಟ್ ನಮ್ಮ ಅಕ್ಕನ ಮಗಳು. ಅವರದು ಹುಮನಾಬಾದ್ ಹತ್ರ ಹಳ್ಳಿ, ಬೀದರ್ ಏರ್ ಫೋರ್ಸ್ ಸ್ಟೇಷನ್‌ನಿಂದ ಏಳೋ ಹಾಕ್ ವಿಮಾನ, ಸೂರ್ಯಕಿರಣ ಟೀಮಿನ ಪ್ರಾಕ್ಟೀಸ್ ಎಲ್ಲಾ ಸಣ್ಣಕಿದ್ದಾಗಿಂದ ನೋಡ್ಕೊಂತ ಬೆಳದಾಕಿ. ಪಿಯುಸಿ ಸೈನ್ಸ್ ಕಲಬುರಗಿಯಾಗ ನಮ್ಮ ಮನ್ಯಾಗೇ ಇದ್ದು ಮುಗಿಸಿದ್ಲು, ಹಂಗಾಗಿ ಈ ಪೈಲಟ್ ಕೋರ್ಸ್ ಓಡಾಟ ಪೂರಾ ಸೋದರಮಾವ ಅಂತ ನನ್ನ ಪಾಲಿಗೇ ಬಂತು. ಭಾವಂಗ ಹೊಲ ಬಿಟ್ಟು ಪ್ರತಿ ಸಲ ಬರ್ಲಿಕ್ಕೆ ಪುರಸತ್ತಿಲ್ಲ, ತೊಗರಿ ರಾಶಿ ಟೈಮ್ ಬ್ಯಾರೆ.

ಮೆಡಿಕಲ್ ವಿಷಯ ಮೊದ್ಲು ಹೇಳ್ತೀನಿ ಯಾಕಂದ್ರ ಇದು ಗೊತ್ತಿಲ್ಲದೇ ಭಾಳ ಮಂದಿ ರೊಕ್ಕ ಕಳ್ಕೋತಾರ. ನಮ್ಮ ದೇಶದಾಗ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಬೇಕಂದ್ರ ಡಿಜಿಸಿಎ (ಲೈಸೆನ್ಸ್ ಕೊಡೋ ನಮ್ಮ ವಿಮಾನಯಾನ ಇಲಾಖೆ) ಕ್ಲಾಸ್ ಒನ್ ಮೆಡಿಕಲ್ ಪಾಸ್ ಇರ್ಲೇಬೇಕು. ಮೊದ್ಲು ಡಿಜಿಸಿಎ ಪಟ್ಟಿಯಾಗಿನ ಡಾಕ್ಟರ್ ಹತ್ರ ಕ್ಲಾಸ್ ಟೂ, ಆಮ್ಯಾಲ ಕ್ಲಾಸ್ ಒನ್. ಕ್ಲಾಸ್ ಒನ್ ಮೊದ್ಲನೇ ಸಲ ಮಾಡೋ ಜಾಗ ಕಡಿಮಿ ಅವ, ನಮ್ಮವರಿಗ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಹತ್ರ ಆಗ್ತದ. ಕಣ್ಣು, ಕಿವಿ, ಇಸಿಜಿ, ರಕ್ತ ಎಲ್ಲಾ ನೋಡ್ತಾರ. ಅಮೆರಿಕಾದಾಗ ಹೋಗಿ 200 ತಾಸು ಹಾರಿಸಿ ಬಂದ್ಮ್ಯಾಲ ಇಲ್ಲಿ ಕಲರ್ ವಿಷನ್‌ನಾಗೋ ಹಾರ್ಟ್‌ನಾಗೋ ತೊಡಕು ಬಂತಂದ್ರ ಆ ಲೈಸೆನ್ಸ್ ತೊಗೊಂಡು ಇಲ್ಲಿ ಏನೂ ಮಾಡ್ಲಿಕ್ಕೆ ಬರಂಗಿಲ್ಲ, ಅರ್ಧ ಕೋಟಿ ಹೊಂಟೇಹೋತು. ಮಣ್ಣು ನೋಡ್ಲಾರ್ದೇ ಬೀಜ ತಂದು ಬಿತ್ತಿದಂಗ ಅದು. ಮೆಡಿಕಲ್ ಸರ್ಟಿಫಿಕೇಟ್ ಕೈಯಾಗ ಹಿಡ್ಕೊಂಡು ಹೋದ ಮ್ಯಾಲೇ ಈ ಆಫೀಸ್ ಮೇಡಂ ಫೈಲ್ ತೆರದ್ರು.

ಇಲ್ಲಿಗ ಬರಕಿಂತ ಮೊದ್ಲು ನಾವು ಒಂದು ದೊಡ್ಡ ಊರಿನ ಏಜೆಂಟ್ ಹತ್ರ ಮಾತಾಡಿದ್ವಿ. ಹೆಸರು ಬ್ಯಾಡ. ಎಸಿ ಆಫೀಸ್, ಗ್ವಾಡಿ ತುಂಬ ವಿಮಾನದ ಫೋಟೋ, ಯೂನಿಫಾರ್ಮ್ ಹಾಕ್ಕೊಂಡ ಹುಡುಗ್ರ ಫೋಟೋ. ಆ ಮನುಷ್ಯ ಮೂರು ಮಾತು ಹೇಳ್ದ. ಒಂದು, ವೀಸಾ ನೂರಕ್ಕ ನೂರು ಗ್ಯಾರಂಟಿ. ಎರಡು, ಹುಡುಗಿ ಅಲ್ಲಿ ಪಾರ್ಟ್ ಟೈಮ್ ಕೆಲ್ಸ ಮಾಡಿ ಖರ್ಚು ತಾನೇ ತೂಗಿಸ್ಕೋತಾಳ. ಮೂರು, ಅಕೌಂಟ್‌ನಾಗ ರೊಕ್ಕ ಕಡಿಮಿ ಬಿದ್ರ ನಾವೇ ಒಂದು ತಿಂಗಳ ಮಟ್ಟಿಗ ಹಾಕಿ ತೋರ್ಸ್ತೀವಿ, ಬಡ್ಡಿ ಅಷ್ಟ ಕೊಡ್ರಿ. ಈ ಮೂರೂ ಸುಳ್ಳು ಅಂತ ನಮಗ ಬಿಡ್ಸಿ ಬಿಡ್ಸಿ ಹೇಳಿದ್ದು ಕಲಬುರಗಿಯ ಈ ಮೇಡಂ. ಅದಕ್ಕೇ ಈ ರಿವ್ಯೂ ಇಷ್ಟು ಉದ್ದ ಬರಿಲಕತ್ತೀನಿ, ನಮ್ಮ ಕಡಿ ಹುಡುಗ್ರು ಅಪ್ಪ ಅವ್ವನ ಹೊಲದ ಮ್ಯಾಲ ಸಾಲ ಎತ್ತಿಸಿ ಇಂಥಾ ಮಾತಿಗ ಬೀಳಬಾರ್ದು.

ಅಮೆರಿಕಾದಾಗ ಪೈಲಟ್ ಟ್ರೇನಿಂಗ್‌ಗೆ ಜಾಸ್ತಿ ಮಂದಿಗ ಸಿಗೋದು ಎಂ-1 ವೀಸಾ, ಅಂದ್ರ ವೊಕೇಷನಲ್ ಕೋರ್ಸ್ ಸ್ಟೂಡೆಂಟ್ ವೀಸಾ. ಇಂಜಿನಿಯರಿಂಗ್ ಎಂಎಸ್ ಮಾಡ್ಲಿಕ್ಕೆ ಹೋಗೋ ಹುಡುಗ್ರದು ಎಫ್-1. ಎರಡೂ ಒಂದೇ ಅಂತ ತಿಳ್ಕೊಂಡು ಭಾಳ ಮಂದಿ ಹೋಗ್ತಾರ, ಆದ್ರ ಆಕಾಶ ಭೂಮಿ ಫರಕ್ ಅದ. ಎಂ-1ನಾಗ ಓದೋ ಟೈಮ್‌ನಾಗ ಕೆಲ್ಸ ಮಾಡ್ಲಿಕ್ಕೆ ಬರಂಗೇ ಇಲ್ಲ, ಕ್ಯಾಂಪಸ್ ಒಳಗೂ ಇಲ್ಲ ಹೊರಗೂ ಇಲ್ಲ. ಮೊದ್ಲು ಒಂದು ವರ್ಷದ ತನಕ ಅಷ್ಟ ಕೊಡ್ತಾರ, ಕೋರ್ಸ್ ಮುಗಿದಿಲ್ಲಂದ್ರ ಎಕ್ಸ್‌ಟೆನ್ಶನ್ ಹಾಕಬೇಕು, ಎಲ್ಲಾ ಸೇರಿ ಮೂರು ವರ್ಷ ಮೀರಂಗಿಲ್ಲ. ಕೋರ್ಸ್ ಮುಗಿದ ಮ್ಯಾಲ ಪ್ರಾಕ್ಟಿಕಲ್ ಟ್ರೇನಿಂಗ್ ಅಂತ, ಅಂದ್ರ ಕಲ್ತ ಕೆಲ್ಸ ಮಾಡೋ ಪರವಾನಗಿ ಸಿಗ್ತದ, ಅದೂ ನಾಕು ತಿಂಗಳು ಓದಿದ್ರ ಒಂದು ತಿಂಗಳ ಲೆಕ್ಕ, ಜಾಸ್ತಿ ಅಂದ್ರ ಆರು ತಿಂಗಳು. ಎಫ್-1ನಾಗ ಅದೇ ಒಂದು ವರ್ಷ ಇರ್ತದ, ಅದಕ್ಕ ಕೆಲವು ಹುಡುಗ್ರು ಕಾಲೇಜ್ ಡಿಗ್ರಿ ಜೊತಿಗ ಫ್ಲೈಯಿಂಗ್ ಇರೋ ಕೋರ್ಸ್ ಹಿಡಿದು ಇನ್‌ಸ್ಟ್ರಕ್ಟರ್ ಆಗಿ ಹಾರಿಸಿದ ತಾಸು ಕೂಡ್ಸಿಕೋತಾರ, ಆದ್ರ ಖರ್ಚೂ ಜಾಸ್ತಿ ವರ್ಷಾನೂ ಜಾಸ್ತಿ. ಮತ್ತ ಎಂ-1 ಮ್ಯಾಲ ಹೋಗಿ ಅಲ್ಲೇ ಎಫ್-1ಕ್ಕ ಬದಲ್ ಮಾಡ್ತೀನಿ ಅಂದ್ರ ನಡಿಯಂಗಿಲ್ಲ, ಕಾನೂನೇ ಇಲ್ಲ. ಕೋರ್ಸ್ ಮುಗಿದ ಮ್ಯಾಲ ಸಾಮಾನು ಕಟ್ಟಿ ಹೊರಡ್ಲಿಕ್ಕೆ ಎಂ-1ನವರಿಗ 30 ದಿನ, ಎಫ್-1ನವರಿಗ 60 ದಿನ.

ಇದೆಲ್ಲಾ ಮೇಡಂ ಮೊದ್ಲ ದಿನಾನೇ ಒಂದು ಬಿಳಿ ಹಾಳಿ ಮ್ಯಾಲ ಎರಡು ಕಾಲಂ ಗೀಚಿ, ಈ ಕಡಿ ಎಂ, ಆ ಕಡಿ ಎಫ್, ಕನ್ನಡದಾಗೇ ಬರದು ಭಾವನ ಕೈಯಾಗ ಕೊಟ್ರು. "ಅಣ್ಣಾರ, ಮನಿಗ ಹೋಗಿ ಕುಂತು ಓದ್ರಿ, ಹುಡುಗಿ ಅಲ್ಲಿ ಒಂದು ಡಾಲರ್ ದುಡಿಯಂಗಿಲ್ಲ ಅಂತ ತಿಳ್ಕೊಂಡೇ ಲೆಕ್ಕ ಹಾಕ್ರಿ" ಅಂದ್ರು. ಭಾವ ಆ ಹಾಳಿ ಮಡಚಿ ಅಂಗಿ ಕಿಸೆದಾಗ ಇಟ್ಕೊಂಡ್ರು. ನಮ್ಮ ಅಕ್ಕ ಓದಿದ್ದು ಕಡಿಮಿ, ಅಕಿಗೂ ಅದು ತಿಳೀತು. ಇಂಥಾದು ಕಲಬುರಗಿಯಾಗ ಅಷ್ಟ ಸಿಗ್ತದ, ದೊಡ್ಡ ಊರಿನ ಬ್ರೋಷರ್‌ನಾಗ ಸಿಗಂಗಿಲ್ಲ.

ಈಗ ರೊಕ್ಕದ ಕಾಗದ. ಎಂ-1ಕ್ಕ ಒಂದು ವರ್ಷದ ಖರ್ಚು ತೋರ್ಸಿದ್ರ ಸಾಲಂಗಿಲ್ಲ, ಪೂರಾ ಕೋರ್ಸ್ ಮುಗಿಯೋ ತನಕದ ಫೀಸು, ಊಟ, ರೂಮ್ ಎಲ್ಲಾ ಕೈಯಾಗ ಅದ ಅಂತ ತೋರ್ಸಬೇಕು. ಅಡ್ಮಿಷನ್ ಕೊಟ್ಟೀವಿ ಅಂತ ಶಾಲಿಯವರು ಕಳ್ಸೋ ಐ-20 ಫಾರ್ಮ್‌ನಾಗ ಅಂದಾಜು ಖರ್ಚು ಬರ್ದಿರ್ತದ, ಆ ಅಂಕಿಗ ನಮ್ಮ ಕಾಗದ ಹೊಂದ್ಬೇಕು. ನಮ್ಮ ಭಾವಂದು ನೌಕರಿ ಅಲ್ಲ, ಸ್ಯಾಲರಿ ಸ್ಲಿಪ್ ಎಲ್ಲಿಂದ ತರೋದು? ಬ್ಯಾಂಕ್ ಪಾಸ್‌ಬುಕ್‌ನಾಗ ವರ್ಷಕ್ಕ ಎರಡು ಸಲ ದೊಡ್ಡ ರೊಕ್ಕ ಬೀಳ್ತದ, ನಡುವ ಖಾಲಿ. ದೊಡ್ಡ ಊರಿನ ಏಜೆಂಟ್‌ಗ ಇದೇ ತೊಡಕು ಕಂಡಿತ್ತು. ಈ ಮೇಡಂ ಏನ್ ಮಾಡಿದ್ರು ಅಂದ್ರ, ಗಂಜಿನ ಅಡತಿ ಅಂಗಡಿಯಿಂದ ತೊಗರಿ ಮಾರಿದ ಪಟ್ಟಿ ವರ್ಷವಾರು ತರ್ಸಿದ್ರು, ಪಹಣಿ ತರ್ಸಿದ್ರು, ತಹಸೀಲ್ದಾರ್ ಆಫೀಸ್‌ನಿಂದ ಆದಾಯ ಪ್ರಮಾಣಪತ್ರ, ಬ್ಯಾಂಕ್ ಲೋನ್ ಸ್ಯಾಂಕ್ಷನ್ ಲೆಟರ್. ಪಟ್ಟಿಯ ತಾರೀಖು ಮತ್ತ ಪಾಸ್‌ಬುಕ್‌ನಾಗ ರೊಕ್ಕ ಬಿದ್ದ ತಾರೀಖು ಎರಡಕ್ಕೂ ಪೆನ್ಸಿಲ್‌ನಿಂದ ಒಂದೇ ನಂಬರ್ ಹಾಕಿದ್ರು, ಒಂದಕ್ಕ ಒಂದು, ಎರಡಕ್ಕ ಎರಡು, ಹಿಂಗ. ಜನವರಿ ಫೆಬ್ರುವರಿಯಾಗ ಯಾಕ ರೊಕ್ಕ ಜಾಸ್ತಿ ಬರ್ತದ ಅಂತ ಯಾರು ಕೇಳಿದ್ರೂ ಹುಡುಗಿ ಒಂದು ಮಾತಿನಾಗ ಹೇಳಬಹುದು, ಆಗ ನಮ್ಮ ಕಡಿ ತೊಗರಿ ಮಾರ್ಕೆಟ್‌ಗ ಬರ್ತದ ಅಂತ. ಅದರಾಗ ಬಣ್ಣ ಹಚ್ಚೋದು ಏನೂ ಇಲ್ಲ, ಇದ್ದದ್ದು ಇದ್ದಂಗೇ.

ಬಡ್ಡಿ ರೊಕ್ಕ ಹಾಕಿ ತೋರ್ಸೋ ಮಾತು ನಾ ಎತ್ತಿದಾಗ ಮೇಡಂ ಸಿಟ್ಟಿಗೇ ಬಂದ್ರು. ಸುಳ್ಳು ಕಾಗದ ಕೊಟ್ಟು ಸಿಕ್ಕಿಬಿದ್ರ ಅಮೆರಿಕಾದ ಕಾನೂನಿನಾಗ ಆ ಮನುಷ್ಯಾಗ ಜೀವನಪೂರ್ತಿ ವೀಸಾ ಬಂದ್ ಆಗಬಹುದು. ಏಜೆಂಟ್ ಅಲ್ಲ ಸಿಕ್ಕಿಬೀಳೋದು, ಹುಡುಗಿ. ನಾಳಿಗ ಪೈಲಟ್ ಆಗಿ ಇಂಟರ್‌ನ್ಯಾಷನಲ್ ಫ್ಲೈಟ್ ಹಾರಿಸ್ಬೇಕಾದಾಕಿಗ ಆ ಕಲೆ ಇರಬಾರ್ದು ಅಂತ ಹೇಳಿದ್ರು, ಅದು ನನಗ ಖರೆ ಅನಿಸ್ತು.

ಶಾಲಿ ಆರ್ಸೋದ್ರಾಗೂ ಇವರು ಕೈ ಹಿಡಿದ್ರು. ಅಲ್ಲಿ ಫ್ಲೈಯಿಂಗ್ ಸ್ಕೂಲ್ ಪಾರ್ಟ್ 61, ಪಾರ್ಟ್ 141 ಅಂತ ಎರಡು ನಮೂನಿ ನಡೀತಾವ, ಇವು ಅಲ್ಲಿನ ವಿಮಾನ ನಿಯಮದ ಭಾಗದ ಹೆಸರು, 141ನಾಗ ಸರ್ಕಾರ ಒಪ್ಪಿದ ಸಿಲಬಸ್ ಪ್ರಕಾರ ಕಲಿಸ್ತಾರ. ಫಾರಿನ್ ಸ್ಟೂಡೆಂಟ್‌ಗ ಐ-20 ಕೊಡ್ಬೇಕಂದ್ರ ಆ ಶಾಲಿಗ ಸರ್ಕಾರದ ಎಸ್‌ಇವಿಪಿ ಸರ್ಟಿಫಿಕೇಟ್ ಇರ್ಬೇಕು, ಸಾದಾ ಪಾರ್ಟ್ 61 ಶಾಲಿಗ ಅದು ಇರಂಗಿಲ್ಲ. ಟೂರಿಸ್ಟ್ ವೀಸಾ ಮ್ಯಾಲ ಹೋಗಿ ಕಲೀರಿ ಅಂತ ಯಾರರೆ ಹೇಳಿದ್ರ ಅಲ್ಲಿಂದ ಎದ್ದು ಬರ್ರಿ. ಯಾವ ಶಾಲಿಗ ಸರ್ಟಿಫಿಕೇಟ್ ಅದ ಅನ್ನೋದು ಅಮೆರಿಕಾ ಸರ್ಕಾರದ ವೆಬ್‌ಸೈಟ್‌ನಾಗೇ ಹುಡುಕಬಹುದು, ಮೇಡಂ ನಮ್ಮ ಹುಡುಗಿ ಕೈಲೇ ಹುಡುಕ್ಸಿದ್ರು. ನಾ ಮುಖಾಮುಖಿ ಕೇಳ್ದೆ, ಮೇಡಂ ನಿಮಗ ಶಾಲಿಯವರಿಂದ ಕಮಿಷನ್ ಬರ್ತದೇನ್ರಿ ಅಂತ. "ಬರ್ತದ್ರಿ ಅಣ್ಣಾ, ಈ ಎರಡು ಶಾಲಿಯಿಂದ ಬರ್ತದ, ಉಳಿದವ್ರಿಂದ ಇಲ್ಲ" ಅಂತ ಲಿಸ್ಟಿನಾಗ ಬೊಟ್ಟು ಇಟ್ಟು ತೋರ್ಸಿದ್ರು. ನಾವು ಕಮಿಷನ್ ಇಲ್ಲದ ಶಾಲಿ ಆರ್ಸಿದ್ವಿ, ಅವರ ಮುಖ ಸಣ್ಣ ಆಗ್ಲಿಲ್ಲ, ಕೆಲ್ಸಾನೂ ಅಷ್ಟೇ ನಿಯತ್ತಿನಿಂದ ಮಾಡಿದ್ರು.

ಹೆಸರಿನ ವಿಷಯಕ್ಕ ಬರ್ತೀನಿ, ಇದು ನಮ್ಮ ಭಾಗದವರಿಗ ಭಾಳ ಬೇಕಾದ್ದು. ಹುಡುಗಿ ಪಾಸ್‌ಪೋರ್ಟ್‌ನಾಗ ಸರ್‌ನೇಮ್ ಜಾಗ ಖಾಲಿ ಇತ್ತು, ಹೆಸರೂ ಅಡ್ಡಹೆಸರೂ ಎರಡೂ ಗಿವನ್ ನೇಮ್ ಒಳಗೇ ಸೇರಿತ್ತು. ಹಿಂಗಿದ್ರ ಅಮೆರಿಕಾ ವೀಸಾದ ಮ್ಯಾಲ ಪೂರಾ ಹೆಸರು ಸರ್‌ನೇಮ್ ಆಗಿ, ಹೆಸರಿನ ಜಾಗದಾಗ ಎಫ್‌ಎನ್‌ಯು (ಮೊದ್ಲ ಹೆಸರು ಗೊತ್ತಿಲ್ಲ) ಅಂತ ಬೀಳ್ತದ. ಹಂಗೇ ಹೋದವರು ಸಾವಿರ ಮಂದಿ ಅದಾರ, ವೀಸಾ ಸಿಗಂಗಿಲ್ಲ ಅಂತಲ್ಲ. ಆದ್ರ ಪೈಲಟ್ ಹುಡುಗ್ರಿಗ ಈ ಹೆಸರು ಐ-20ಯಾಗ, ಟಿಎಸ್ಎ (ಅಮೆರಿಕಾದ ಭದ್ರತಾ ಇಲಾಖೆ) ಪರ್ಮಿಷನ್‌ನಾಗ, ಅಲ್ಲಿನ ಲೈಸೆನ್ಸ್‌ನಾಗ, ವಾಪಸ್ ಬಂದ್ಮ್ಯಾಲ ಡಿಜಿಸಿಎ ದಾಖಲಾತಿಯಾಗ ಎಲ್ಲಾ ಕಡಿ ಹೊಂದಬೇಕು, ಡಿಜಿಸಿಎ ಕಂಪ್ಯೂಟರ್ ನಂಬರ್ (ಅವರ ಪರೀಕ್ಷೆ ಬರೀಲಿಕ್ಕೆ ಬೇಕಾದ ನೋಂದಣಿ ನಂಬರ್) ಮಾಡ್ಸುವಾಗ ಹತ್ತನೇತ್ತಿ ಮಾರ್ಕ್ಸ್ ಕಾರ್ಡ್ ಬ್ಯಾರೆ ನೋಡ್ತಾರ. ಮೇಡಂ ಐ-20ಗ ಅರ್ಜಿ ಹಾಕಕಿಂತ ಮೊದ್ಲೇ ಪಾಸ್‌ಪೋರ್ಟ್ ರೀ-ಇಶ್ಯೂ ಮಾಡ್ಸಿದ್ರು, ಸರ್‌ನೇಮ್ ಬ್ಯಾರೆ ಮಾಡ್ಸಿ. ಸ್ವಲ್ಪ ಟೈಮ್ ಹೋತು, ಅಕ್ಕ ಗೊಣಗಿದ್ಲು, ಆದ್ರ ಆಮ್ಯಾಲ ಒಂದು ಕಡಿನೂ ಹೆಸರಿನ ಸಂಬಂಧ ಫೈಲ್ ನಿಲ್ಲಲಿಲ್ಲ.

ಫೀಸ್ ಎಷ್ಟು ಅಂತ ಕೇಳೋರಿಗ: ಸೆವಿಸ್ (ಅಮೆರಿಕಾದ ಫಾರಿನ್ ಸ್ಟೂಡೆಂಟ್ ದಾಖಲಾತಿ) ಫೀ 350 ಡಾಲರ್, ವೀಸಾ ಅರ್ಜಿ ಫೀ 185 ಡಾಲರ್, ಎರಡೂ ಸರ್ಕಾರಕ್ಕ ಹೋಗೋದು, ವೀಸಾ ರಿಜೆಕ್ಟ್ ಆದ್ರ ವೀಸಾ ಫೀ ವಾಪಸ್ ಬರಂಗಿಲ್ಲ. ಇವು ಹುಡುಗಿ ಹೆಸರಿನ್ಯಾಗ ನಾವೇ ಆನ್‌ಲೈನ್ ಕಟ್ಟಿದ್ವಿ, ಆಫೀಸ್‌ನವರ ಅಕೌಂಟ್‌ಗ ಹಾಕ್ರಿ ಅಂತ ಅನ್ಲಿಲ್ಲ. ಇದು ಮುಖ್ಯ, ಎಲ್ಲೇ ಹೋದ್ರೂ ಸರ್ಕಾರಿ ಫೀ ನಿಮ್ಮ ಕೈಲೇ ಕಟ್ರಿ, ರಸೀದಿ ನಿಮ್ಮ ಹತ್ರ ಇಟ್ಕೋರಿ. ಫ್ಲೈಯಿಂಗ್ ಶಾಲಿಗ ರೊಕ್ಕ ಕಳ್ಸುವಾಗ ಟಿಸಿಎಸ್ ಅಂತ ತೆರಿಗಿ ಬ್ಯಾಂಕ್‌ನವರು ಹಿಡ್ಕೋತಾರ, ಬ್ಯಾಂಕಿನ ಎಜುಕೇಷನ್ ಲೋನ್ ರೊಕ್ಕ ಆದ್ರ 2025ರ ಏಪ್ರಿಲ್‌ನಿಂದ ಅದು ಇಲ್ಲ, ಅದನ್ನೂ ಇವರೇ ನೆನಪು ಮಾಡಿಕೊಟ್ರು.

ಡಿಎಸ್-160, ಅಂದ್ರ ಆನ್‌ಲೈನ್ ವೀಸಾ ಅರ್ಜಿ ಫಾರ್ಮ್ ತುಂಬೋ ದಿನ ಒಂದು ಸಣ್ಣ ಜಟಾಪಟಿ ಆತು. 2025ರ ಮೇ ಕೊನಿಗ ಅಮೆರಿಕಾದವರು ಸ್ಟೂಡೆಂಟ್ ಇಂಟರ್‌ವ್ಯೂ ಹೊಸ ಸ್ಲಾಟ್ ನಿಲ್ಲಿಸಿದ್ರು, ಜೂನ್‌ನಾಗ ಮತ್ತ ಚಾಲು ಮಾಡುವಾಗ ಎಫ್, ಎಂ, ಜೆ (ಎಕ್ಸ್‌ಚೇಂಜ್ ಪ್ರೋಗ್ರಾಂನವರು) ವೀಸಾ ಅರ್ಜಿದಾರರು ಸೋಶಿಯಲ್ ಮೀಡಿಯಾ ಅಕೌಂಟ್ ಎಲ್ಲಾ ಪಬ್ಲಿಕ್ ಇಡ್ಬೇಕು ಅಂತ ಹೇಳಿದ್ರು. ಫಾರ್ಮ್‌ನಾಗೂ ಹಿಂದಿನ ಐದು ವರ್ಷ ಬಳಸಿದ ಅಕೌಂಟ್ ಹೆಸರು ಬರೀಬೇಕು. ಭಾವ ಒಪ್ಪಲಿಲ್ಲ, ಹೆಣ್ಣುಡುಗಿ ಇನ್‌ಸ್ಟಾಗ್ರಾಂ ಊರ ಮಂದಿ ನೋಡೋದು ಬ್ಯಾಡ ಅಂತ. ಅಕೌಂಟ್ ಡಿಲೀಟ್ ಮಾಡಿಬಿಡ್ಲಿ ಅಂದ್ರು. ಮೇಡಂ ಸಮಾಧಾನದಿಂದ ಕುಂದ್ರಿಸಿ, ಅಣ್ಣಾರ, ಈಗ ಡಿಲೀಟ್ ಮಾಡಿದ್ರೂ ಹಿಂದ ಇತ್ತು ಅಂತ ಬರೀಲೇಬೇಕು, ಮುಚ್ಚಿಟ್ರೇ ಅನುಮಾನ ಬರ್ತದ, ಅಕಿ ಹಾಕಿದ್ದು ಬರೇ ವಿಮಾನದ ವಿಡಿಯೋ ಅಲ್ಲೇನು, ನೀವೇ ನೋಡ್ರಿ ಅಂತ ಫೋನ್ ಕೈಯಾಗ ಕೊಡ್ಸಿದ್ರು. ಭಾವ ಮೊದ್ಲನೇ ಸಲ ಮಗಳ ಅಕೌಂಟ್ ಪೂರಾ ನೋಡಿದ್ರು. ಬೀದರ್ ಕೋಟೆ ಮ್ಯಾಲ ಹಾದುಹೋಗೋ ವಿಮಾನ, ಕಲಬುರಗಿ ಏರ್‌ಪೋರ್ಟ್ ರನ್‌ವೇ, ಮಳಿಗಾಲದ ಮಾಡ. ನೋಡಿ ಫೋನ್ ವಾಪಸ್ ಕೊಟ್ಟು "ಇಡು ಪಬ್ಲಿಕ್" ಅಂದ್ರು.

ಇನ್ನ ಇಂಟರ್‌ವ್ಯೂ ತಯಾರಿ, ಈ ಆಫೀಸಿನ ಖರೆ ಕಿಮ್ಮತ್ತು ಇಲ್ಲೇ. ಬ್ಯಾರೆ ಕಡಿ ಪ್ರಶ್ನೆ ಉತ್ತರ ಪ್ರಿಂಟ್ ಕೊಟ್ಟು ಬಾಯಿಪಾಠ ಮಾಡು ಅಂತಾರ. ಇವರು ಒಂದು ಉತ್ತರಾನೂ ಬರ್ದು ಕೊಡಂಗಿಲ್ಲ. ಅಲ್ಲಿ ಕಿಟಕಿ ಮುಂದ ನಿಂತೇ ಮಾತಾಡ್ಬೇಕಲ್ಲ, ಅದಕ್ಕ ಇಲ್ಲೂ ನಿಲ್ಲಿಸೇ ಕೇಳಿದ್ರು, ನಾ ಬಾಜೂಕ ಕುರ್ಚಿ ಮ್ಯಾಲ ಕುಂತು ನೋಡ್ಲಕತ್ತಿದ್ದೆ. ಮೇಡಂ ಕೇಳಿದ ಮೊದ್ಲ ಪ್ರಶ್ನೇನೇ: ನಿಮ್ಮ ಕಲಬುರಗಿ ಏರ್‌ಪೋರ್ಟ್‌ನಾಗೇ ಫ್ಲೈಯಿಂಗ್ ಟ್ರೇನಿಂಗ್ ಅದ, ಮನಿಯಿಂದ ಅರ್ಧ ತಾಸಿನ ದಾರಿ, ನೀ ಅಮೆರಿಕಾಕ್ಕ ಯಾಕ ಹೋಗ್ತಿ?

ಹುಡುಗಿ ಸುಮ್ಮನಾದ್ಲು. ಪ್ರಶ್ನೆ ಖರೇನೇ ಅದ. ನಮ್ಮ ಏರ್‌ಪೋರ್ಟ್ 2019ರ ನವೆಂಬರ್‌ನಾಗ ಚಾಲು ಆತು, 2021ರಾಗ ಏರ್‌ಪೋರ್ಟ್ ಅಥಾರಿಟಿಯವರು ಹೊಸ ಫ್ಲೈಯಿಂಗ್ ಶಾಲಿಗಳಿಗ ಜಾಗ ಕೊಡ್ಲಿಕ್ಕೆ ದೇಶದಾಗ ಆರ್ಸಿದ ಐದು ಊರಾಗ ಬೆಳಗಾವಿ ಜೊತಿಗ ನಮ್ಮ ಕಲಬುರಗಿನೂ ಇತ್ತು. ಅಕಿ ಮೊದ್ಲು ಹೇಳಿದ್ದು ಅಮೆರಿಕಾದ ಟ್ರೇನಿಂಗ್ ಜಗತ್ತಿನಾಗೇ ಬೆಸ್ಟ್ ಅಂತ. ಮೇಡಂ ತಲಿ ಅಲ್ಲಾಡ್ಸಿದ್ರು, ಇದು ಬ್ರೋಷರ್ ಮಾತು, ನಿನ್ನ ಮಾತು ಹೇಳು. ಆಮ್ಯಾಲ ಅಕಿ ಖರೆ ಕಾರಣ ಹೇಳಿದ್ಲು. ಇಲ್ಲಿ ಸೀಟ್ ಕಡಿಮಿ, ಮಳಿ ಮೋಡ ಇದ್ದ ದಿನ ಹಾರ್ಲಿಕ್ಕೆ ಆಗಂಗಿಲ್ಲ, 200 ತಾಸು ತುಂಬ್ಲಿಕ್ಕೆ ಎಷ್ಟು ತಿಂಗಳು ಹಿಡೀತದ ಅಂತ ಹೇಳ್ಲಿಕ್ಕೆ ಬರಂಗಿಲ್ಲ, ಅಪ್ಪನ ಲೋನ್ ಬಡ್ಡಿ ಮಾತ್ರ ದಿನಾ ಏರ್ತದ, ನಾ ಆರ್ಸಿದ ಊರಾಗ ವರ್ಷದ ಜಾಸ್ತಿ ದಿನ ಆಕಾಶ ಸಾಫ್ ಇರ್ತದ, ಜಲ್ದಿ ಮುಗಿಸಿ ಬಂದು ಅಲ್ಲಿನ ಲೈಸೆನ್ಸ್ ಇಲ್ಲಿನ ಲೈಸೆನ್ಸ್‌ಗ ಕನ್ವರ್ಟ್ ಮಾಡ್ಕೋತೀನಿ. ಮೇಡಂ ಅಂದ್ರು, ಇದೇ, ಇಷ್ಟೇ, ಇದನ್ನ ಇಂಗ್ಲಿಷ್‌ನಾಗ ನಿನಗ ಬಂದಂಗ ಹೇಳು.

ವಾಪಸ್ ಬರ್ತೀನಿ ಅನ್ನೋದಕ್ಕ ಪುರಾವೆ ಬೇಕು, ಯಾಕಂದ್ರ ಅಮೆರಿಕಾದ ಕಾನೂನಿನ 214(ಬಿ) ಅನ್ನೋ ಕಲಂ ಪ್ರಕಾರ ಅರ್ಜಿ ಹಾಕಿದ ಪ್ರತಿಯೊಬ್ಬನೂ ಅಲ್ಲೇ ಉಳಿಲಿಕ್ಕೆ ಬಂದಾನ ಅಂತಲೇ ತಿಳ್ಕೊಂಡಿರ್ತಾರ, ಅಲ್ಲ ಅಂತ ತೋರ್ಸೋದು ನಮ್ಮ ಕೆಲ್ಸ. ಹೊಲ ಮನಿ ಪಹಣಿ ತೋರ್ಸೋದು ಎಲ್ಲರೂ ಮಾಡ್ತಾರ. ಇವರು ಹುಡುಗಿಗ ಹೋಗಕಿಂತ ಮೊದ್ಲೇ ಡಿಜಿಸಿಎ ಪೇಪರ್ ಬರೀಲಿಕ್ಕೆ ಹಚ್ಚಿದ್ರು. ನ್ಯಾವಿಗೇಷನ್, ಮೆಟಿಯಾರಾಲಜಿ, ಏರ್ ರೆಗ್ಯುಲೇಷನ್, ಪ್ರತಿಯೊಂದರಾಗೂ ನೂರಕ್ಕ 70 ಬೇಕು, ಕಠಿಣ ಅದ. ಇದರಾಗ ಎರಡು ಲಾಭ. ವಾಪಸ್ ಬಂದ್ಮ್ಯಾಲ ಕನ್ವರ್ಷನ್‌ಗ ಹೆಂಗೂ ಈ ಪೇಪರ್ ಬೇಕೇಬೇಕು, ಅಲ್ಲಿಂದ ಬಂದು ಮತ್ತ ಓದ್ಲಿಕ್ಕೆ ಕುಂತ್ರ ಹಾರೋ ಕೈ ಜಡ್ಡು ಹಿಡೀತದ. ಇನ್ನೊಂದು, ಭಾರತದ ಲೈಸೆನ್ಸ್ ಪರೀಕ್ಷೆ ಪಾಸಾದ ಹುಡುಗಿ ಭಾರತದಾಗೇ ಹಾರಿಸ್ತಾಳ ಅಂತ ಹೇಳ್ಲಿಕ್ಕೆ ಅದಕ್ಕಿಂತ ಛಲೋ ಕಾಗದ ಯಾವುದೂ ಇಲ್ಲ. ಈ ಐಡಿಯಾಗೇ ನಾ ಒಂದು ಸ್ಟಾರ್ ಪೂರಾ ಕೊಡ್ತೀನಿ.

ಇಂಟರ್‌ವ್ಯೂ ಹೈದರಾಬಾದ್‌ನಾಗ. ನಮ್ಮ ಕಡಿಯವರಿಗ ಅದೇ ಹತ್ರ, ಮುಂಜಾನಿ ರೈಲಿಗ ಹೋಗಿ ಲಿಂಗಂಪಲ್ಲಿಯಾಗ ಇಳಿದ್ರ ಎರಡೂ ಜಾಗ ದೂರಿಲ್ಲ. ಮೊದ್ಲು ಬೆರಳಚ್ಚು ಫೋಟೋ ಕೊಡೋದು ಹೈಟೆಕ್ ಸಿಟಿ ಮೆಟ್ರೋ ಸ್ಟೇಷನ್ ಒಳಗಿನ ಸೆಂಟರ್‌ನಾಗ, ಇಂಟರ್‌ವ್ಯೂ ನಾನಕ್‌ರಾಮ್‌ಗುಡಾದ ಕಾನ್ಸುಲೇಟ್‌ನಾಗ. ಹಳೇ ಬೇಗಂಪೇಟದ ಪೈಗಾ ಪ್ಯಾಲೇಸ್ ಅಂತ ಯಾರರೆ ಹೇಳಿದ್ರ ಕೇಳಬ್ಯಾಡ್ರಿ, 2023ರಾಗೇ ಅಲ್ಲಿಂದ ಹೊಸ ಜಾಗಕ್ಕ ಹೋಗ್ಯಾರ. ಫೋನ್ ಒಳಗ ಬಿಡಂಗಿಲ್ಲ, ಮನಿಯವರನ್ನೂ ಬಿಡಂಗಿಲ್ಲ. ಒಳಗ ಅಕಿಗ ಎರಡು ನಿಮಿಷದ ಮಾತು. ಯಾವ ಶಾಲಿ, ಯಾಕ ಆ ಶಾಲಿ, ಖರ್ಚು ಯಾರು ಕೊಡ್ತಾರ, ಮುಗಿದ ಮ್ಯಾಲ ಏನು. ಅಪ್ಪ ಏನ್ ಮಾಡ್ತಾರ ಅಂತ ಕೇಳಿದ್ದಕ್ಕ ತೊಗರಿ ಬೆಳೀತಾರ ಅಂತ ಹೇಳಿ ಲೋನ್ ಲೆಟರ್ ವಿಷಯ ಹೇಳಿದ್ಲಂತ, ಡಿಜಿಸಿಎ ಪೇಪರ್ ಪಾಸಾಗೀನಿ ಅಂದಾಗ ಆಫೀಸರ್ ತಲಿ ಎತ್ತಿ ನೋಡಿದ್ರಂತ. ಪಾಸ್‌ಪೋರ್ಟ್ ಇಟ್ಕೊಂಡ್ರು, ವೀಸಾ ಬಂತು. ಎಲ್ಲರಿಗೂ ಹಿಂಗ ಆಗ್ತದ ಅಂತ ನಾ ಹೇಳಂಗಿಲ್ಲ, ಕೆಲವರಿಗ 221(ಜಿ) ಚೀಟಿ ಕೊಟ್ಟು ಇನ್ನೂ ಪರಿಶೀಲನೆ ಅದ ಅಂತ ಕಾಯ್ಸ್ತಾರ, ಅದಕ್ಕ ಕೋರ್ಸ್ ಚಾಲು ಆಗೋ ತಾರೀಖಿಗ ಒತ್ತಿ ಇಂಟರ್‌ವ್ಯೂ ಇಟ್ಕೋಬ್ಯಾಡ್ರಿ ಅಂತ ಮೇಡಂ ಮೊದ್ಲೇ ಹೇಳಿದ್ರು. ಮತ್ತ ವೀಸಾ ಎಷ್ಟು ಮೊದ್ಲೇ ಸಿಕ್ರೂ ಕೋರ್ಸ್ ಚಾಲು ಆಗೋದಕ್ಕ 30 ದಿನ ಇರೋ ತನಕ ಆ ದೇಶದೊಳಗ ಕಾಲಿಡ್ಲಿಕ್ಕೆ ಬಿಡಂಗಿಲ್ಲ, ಟಿಕೆಟ್ ಅದರ ಲೆಕ್ಕಕ್ಕ ತೆಗೀಬೇಕು.

ವೀಸಾ ಬಂದ್ರ ಮುಗೀತು ಅಂತ ನಾವು ಪೇಢಾ ಹಂಚಿದ್ವಿ, ಆದ್ರ ಇನ್ನೊಂದು ಬಾಗಿಲು ಅದ, ಟಿಎಸ್ಎ. ಅಮೆರಿಕಾದ ಸಾರಿಗೆ ಭದ್ರತಾ ಇಲಾಖೆ ಅದು, ಅವರ ಪರ್ಮಿಷನ್ ಇಲ್ಲದೇ ಫಾರಿನ್ ಸ್ಟೂಡೆಂಟ್‌ಗ ಶಾಲಿಯವರು ವಿಮಾನ ಕಲಿಸಂಗೇ ಇಲ್ಲ. ಬೆರಳಚ್ಚು, ಹಿಂದಿನ ವಿಳಾಸ, ಪಾಸ್‌ಪೋರ್ಟ್, ಎಲ್ಲಾ ತಪಾಸಣಿ ಮಾಡ್ತಾರ. 2024ರಾಗ ನಿಯಮ ಬದಲ್ ಆಗಿ ಈಗ ಒಂದು ಸಲ ಕ್ಲಿಯರ್ ಆದ್ರ ಐದು ವರ್ಷದ ತನಕ ನಡೀತದ, ಹಿಂದ ಒಂದೊಂದು ಟ್ರೇನಿಂಗ್‌ಗೂ ಮತ್ತ ಮತ್ತ ಹಾಕಬೇಕಿತ್ತು. ಯಾಕ ಇಷ್ಟು ಬಿಗಿ ಅಂದ್ರ 2001ರ ಸೆಪ್ಟೆಂಬರ್ 11ರ ದಾಳಿ ಮಾಡಿದ ಪೈಲಟ್‌ಗಳು ಅಲ್ಲಿನ ಶಾಲಿಗಳಾಗೇ ಹಾರೋದು ಕಲ್ತಿದ್ರು. ಅವರಾಗ ಇಬ್ಬರಿಗ ಸ್ಟೂಡೆಂಟ್ ವೀಸಾ ಮಂಜೂರಾಗೇದ ಅನ್ನೋ ಕಾಗದ ದಾಳಿ ಆಗಿ ಆರು ತಿಂಗಳ ಮ್ಯಾಲ, 2002ರ ಮಾರ್ಚ್‌ನಾಗ, ಫ್ಲೋರಿಡಾದ ಶಾಲಿಗ ಬಂದು ಮುಟ್ಟಿತ್ತು. ಆಗ ಆ ದೇಶದಾಗ ದೊಡ್ಡ ಗದ್ದಲ ಎದ್ದಿತ್ತು, ದಾಳಿ ಆದ ಮ್ಯಾಲ ಸ್ಟೂಡೆಂಟ್ ವೀಸಾ ವ್ಯವಸ್ಥೆ ಬಿಗಿ ಆತು. ಇದು ತಿಳಿದ ಮ್ಯಾಲ ಭಾವ "ಅವರು ಕೇಳೋದು ನ್ಯಾಯನೇ ಅದ ಬಿಡು" ಅಂತ ಬೆರಳಚ್ಚಿನ ಬಗ್ಗೆ ತಕರಾರು ಬಿಟ್ರು. ಟಿಎಸ್ಎ ಅರ್ಜಿ ಈ ಆಫೀಸ್‌ನವರ ಕೆಲ್ಸ ಅಲ್ಲ, ಹುಡುಗಿ ಮತ್ತ ಶಾಲಿಯವರು ಸೇರಿ ಮಾಡೋದು, ಆದ್ರೂ ಇವರು ಫಾರ್ಮ್ ಕುಂದ್ರಿಸಿ ತುಂಬ್ಸಿದ್ರು, ಬ್ಯಾರೆ ಚಾರ್ಜ್ ಹಾಕ್ಲಿಲ್ಲ.

ಬ್ಯಾರೆ ದೇಶಕ್ಕ ಹೋಗೋರಿಗ ಇವರ ಬಗ್ಗೆ ಸ್ವಲ್ಪ. ಕೆನಡಾ ಫೈಲ್ ಮಾಡ್ತಾರ, ಅಲ್ಲೀಗ ಪ್ರಾಂತ್ಯದ ಅಟೆಸ್ಟೇಷನ್ ಲೆಟರ್ ಬೇಕು, ಫೀಸ್ ಬಿಟ್ಟು ಇರ್ಲಿಕ್ಕೇ 22,895 ಕೆನಡಾ ಡಾಲರ್ ತೋರ್ಸಬೇಕು, ಜಲ್ದಿ ಆಗ್ತಿದ್ದ ಎಸ್‌ಡಿಎಸ್ ದಾರಿ 2024ರ ನವೆಂಬರ್‌ನಾಗ ಬಂದ್ ಆಗೇದ. ಆಸ್ಟ್ರೇಲಿಯಾ ವೀಸಾ ಫೀ ಒಂದೇ 2025ರ ಜುಲೈನಿಂದ 2,000 ಆಸ್ಟ್ರೇಲಿಯನ್ ಡಾಲರ್, ಅಷ್ಟು ಕೇಳೇ ನಾವು ಕೈ ಬಿಟ್ವಿ. ಸೌತ್ ಆಫ್ರಿಕಾ, ನ್ಯೂಜಿಲೆಂಡ್ ಕೇಳಿದ್ರ "ನಮಗ ಅನುಭವ ಕಡಿಮಿ, ನಿಮ್ಮ ಮ್ಯಾಲ ಪ್ರಯೋಗ ಮಾಡಂಗಿಲ್ಲ" ಅಂತ ಖಡಕ್ ಹೇಳಿಬಿಟ್ರು.

ಈಗ ಆ ಕಡಿಮಿ ಮಾಡಿದ ಸ್ಟಾರ್. ಮೇಡಂ ಒಬ್ಬರ ಮ್ಯಾಲೇ ಪೂರಾ ಆಫೀಸ್ ನಿಂತದ. ಅವರು ಊರಾಗ ಇಲ್ಲಂದ್ರ ಕೌಂಟರ್‌ನಾಗ ಕುಂತ ಹುಡುಗ್ರಿಗ ಎಂ-1 ಅಂದ್ರ ಏನು ಅಂತಾನೂ ಗೊತ್ತಿಲ್ಲ, ಎಂಎಸ್ ಮಾಡೋ ಹುಡುಗ್ರ ಲೆಕ್ಕದಾಗೇ ಉತ್ತರ ಕೊಡ್ತಾರ. ನಮ್ಮ ಹುಡುಗಿಗ ಒಬ್ಬ ಹುಡುಗ ಒಂದು ವರ್ಷದ ಖರ್ಚು ತೋರ್ಸಿದ್ರ ಸಾಕು ಅಂತ ಹೇಳಿಬಿಟ್ಟಿದ್ದ, ಅದು ಎಫ್-1 ಲೆಕ್ಕ. ಮೇಡಂ ಬಂದ್ಮ್ಯಾಲ ಸರಿ ಮಾಡಿದ್ರು, ಆದ್ರ ಅಷ್ಟೊತ್ತಿಗ ಭಾವ ಬ್ಯಾಂಕಿಗ ಹೋಗಿ ಕಡಿಮಿ ಮೊತ್ತದ ಲೋನ್ ಅರ್ಜಿ ಕೊಟ್ಟು ಬಂದಿದ್ರು, ಮತ್ತ ಹೊಸದಾಗಿ ಓಡಾಟ. ಇಷ್ಟು ದೊಡ್ಡ ರೊಕ್ಕದ ವಿಷಯದಾಗ ಕೌಂಟರ್‌ನವರಿಗೂ ಕಲಿಸ್ಬೇಕು, ಇಲ್ಲ ಮೇಡಂ ಬರೋ ತನಕ ಉತ್ತರ ಕೊಡಬ್ಯಾಡ್ರಿ ಅಂತಾದ್ರೂ ಹೇಳ್ಬೇಕು. ನಾ ಇದನ್ನ ಅವರ ಮುಖದ ಮುಂದೇ ಹೇಳೀನಿ. ಸರ್ವಿಸ್ ಚಾರ್ಜ್ ರಸೀದಿನೂ ಮೊದ್ಲು ಒಂದೇ ಮೊತ್ತ ಬರ್ದು ಕೊಟ್ರು, ಯಾವುದಕ್ಕ ಎಷ್ಟು ಅಂತ ಬಿಡ್ಸಿ ಕೊಡ್ರಿ ಅಂದ್ಮ್ಯಾಲ ಕೊಟ್ರು. ನೀವು ಮೊದ್ಲೇ ಕೇಳಿ ತೊಗೋರಿ. ಸರ್ವಿಸ್ ಚಾರ್ಜ್ ಅರ್ಧ ತೊಗೊಳ್ಳೋದು ಐ-20 ಬಂದಾಗ, ಇನ್ನರ್ಧ ಫಾರ್ಮ್ ಸಬ್‌ಮಿಟ್ ಆದಾಗ, ವೀಸಾ ಬಂದ ಖುಷಿಗ ಮ್ಯಾಲ ಇಷ್ಟು ಕೊಡ್ರಿ ಅನ್ನೋದು ಇಲ್ಲ.

ಆಫೀಸ್ ಮೊದ್ಲನೇ ಮಹಡಿ ಮ್ಯಾಲ, ಮೆಟ್ಲು ಸಣ್ಣವು, ಲಿಫ್ಟ್ ಇಲ್ಲ, ಹಿರಿಯರನ್ನ ಕರ್ಕೊಂಡು ಹೋಗೋರು ನೋಡ್ಕೋರಿ. ಹೋಗುವಾಗ ಹುಡುಗ್ರ ಪಾಸ್‌ಪೋರ್ಟ್, ಹತ್ತನೇತ್ತಿ ಮತ್ತ ಪಿಯುಸಿ ಮಾರ್ಕ್ಸ್ ಕಾರ್ಡ್, ಫಿಸಿಕ್ಸ್ ಮ್ಯಾಥ್ಸ್ ಇರೋದು, ಮೆಡಿಕಲ್ ಆಗಿದ್ರ ಅದರ ಕಾಪಿ ಒಯ್ರಿ, ಅಪ್ಪ ಅವ್ವ ಇಬ್ಬರೂ ಬಂದ್ರ ಛಲೋ ಅಂತ ಮೇಡಂ ಹೇಳ್ತಾರ. ಮಧ್ಯಾಹ್ನ ಊಟದ ಹೊತ್ತಿಗ ಬಾಗಿಲು ಹಾಕಿರ್ತದ, ಮುಂಜಾನಿ ಹನ್ನೊಂದರ ಸುಮಾರಿಗ ಫೋನ್ ಮಾಡಿ ಹೋದ್ರ ಮೇಡಂ ಖುದ್ದು ಸಿಗ್ತಾರ.